ಮಕ್ಕಳಿರುವ ಮನೆಯನ್ನು ಮಾರಾಟಕ್ಕೆ ಅಣಿ ಮಾಡುವುದು ಹೇಗೆ?

ಮನೆ ಮಾರುವವರಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಖಾಲಿ ಮನೆಗೆ ಹೊಂದುವಂಥವು. ಬಣ್ಣ ಹೊಡೆಸಿ, ಸಾಮಾನು ಕಡಿಮೆ ಮಾಡಿ, ನೆಲ ಫಳಫಳ ಅನ್ನಲಿ ಎನ್ನುತ್ತಾರೆ. ಮೂರು ವರ್ಷದ ಮಗು ಬಿಸ್ಕತ್ತು ಹಿಡಿದು ಓಡಾಡುವ ಮನೆಯಲ್ಲಿ ನೆಲ ಎಷ್ಟು ಹೊತ್ತು ಫಳಫಳ ಅಂದೀತು? ಹಾಗಾಗಿ ಇಲ್ಲಿ ಕ್ರಮವೇ ಬೇರೆ. ಮೊದಲು ಕ್ಯಾಲೆಂಡರ್, ಆಮೇಲೆ ಕಾಗದಪತ್ರ, ಆಮೇಲೆ ನೀರು ಮತ್ತು ಗೋಡೆ. ಚೊಕ್ಕಟತನದ ಸರದಿ ಕೊನೆಗೆ. ಬೆಂಗಳೂರಿನ ಬಡಾವಣೆಯೊಂದರ ಸ್ವಂತ ಮನೆ ಎಂದುಕೊಂಡು ಓದಿ.

1. ಕೀಲಿಕೈ ಕೊಡುವ ದಿನದಿಂದ ಹಿಂದಕ್ಕೆ ಎಣಿಸಿ

ನಮ್ಮ ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ ಶುರು, ಮೇ ಕೊನೆಗೆ ಬಾಗಿಲು ತೆರೆಯುತ್ತದೆ. ಮನೆ ಬಿಡಲು ಇದೇ ಒಳ್ಳೆಯ ಕಾಲ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡಲು ಕೊಳ್ಳುವವರೂ ಹಿಂಜರಿಯುತ್ತಾರೆ. ಹಾಗಾಗಿ ಏಪ್ರಿಲ್-ಮೇ ಅವರಿಗೂ ಅನುಕೂಲ. ಅಲ್ಲಿಂದ ಹಿಂದಕ್ಕೆ ಬಂದರೆ, ದಸರಾ ಮುಗಿದ ಕೂಡಲೇ ಕಾಗದಪತ್ರಕ್ಕೆ ಕೈ ಹಾಕಬೇಕು. ಧನುರ್ಮಾಸದಲ್ಲಿ ಬಹಳ ಮಂದಿ ಮಾತುಕತೆಗೆ ಬರುವುದಿಲ್ಲ, ಆ ದಿನಗಳನ್ನು ರಿಪೇರಿಗೆ ಇಟ್ಟುಕೊಳ್ಳಿ. ಸಂಕ್ರಾಂತಿ ಕಳೆದ ಮೇಲೆ ಮನೆ ತೋರಿಸಲು ಶುರು ಮಾಡಿ.

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮಗುವಿದ್ದರೆ ಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಒಳಗೆ ಬಿಡಬೇಡಿ. ಶಾಲೆ ಬದಲಿಸಬೇಕೆಂದಿದ್ದರೆ ಅದಕ್ಕೆ ಇನ್ನೂ ಮುಂಚೆ ಓಡಾಡಬೇಕು. ಎಷ್ಟೋ ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ಪ್ರವೇಶ ಹಿಂದಿನ ವರ್ಷದ ಕೊನೆಗೇ ಶುರುವಾಗಿಬಿಡುತ್ತದೆ.

2. ಮಕ್ಕಳು ಮಲಗಿದ ಮೇಲೆ ಕಾಗದಪತ್ರ

ಮಾರಾಟ ನಿಲ್ಲುವುದು ಗೋಡೆಯ ಕಲೆಯಿಂದಲ್ಲ, ಕಡತದಲ್ಲಿ ಇಲ್ಲದ ಒಂದು ಹಾಳೆಯಿಂದ. ಕ್ರಯಪತ್ರ, ಮೂಲಪತ್ರ (ಆಸ್ತಿ ಹಿಂದೆ ಯಾರಿಂದ ಯಾರಿಗೆ ಬಂತು ಎಂದು ಹೇಳುವ ಹಳೆಯ ಪತ್ರ), ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಕರೆಂಟ್ ಮತ್ತು ನೀರಿನ ಬಿಲ್ಲು, ಇವನ್ನೆಲ್ಲ ಒಂದೇ ಕಡೆ ಜೋಡಿಸಿ. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳನ್ನು ತೋರಿಸುವ ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇಸಿ ಅನ್ನುವುದನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಪಡೆಯಬಹುದು. 2024ರ ಕೊನೆಯಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, ಬೇಕೇ ಬೇಕು. ಅದರಲ್ಲಿ ಹೆಸರಿನ ಕಾಗುಣಿತ ಮತ್ತು ಸೈಟಿನ ಅಳತೆ ಕ್ರಯಪತ್ರಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ತಿದ್ದುಪಡಿಗೆ ಸಮಯ ಹಿಡಿಯುತ್ತದೆ. ಅದಕ್ಕೇ ದಸರಾಕ್ಕೇ ಶುರು ಮಾಡಿ ಎಂದದ್ದು.

ಗೃಹಸಾಲ ತೀರಿದ್ದರೆ ಬ್ಯಾಂಕಿನಿಂದ ಮೂಲ ದಾಖಲೆಗಳನ್ನು ತಂದುಕೊಳ್ಳಿ. ಸಾಲ ತೀರಿದ 30 ದಿನಗಳೊಳಗೆ ಅವನ್ನು ಹಿಂದಿರುಗಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕೇ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಮಕ್ಕಳಿರುವವರು ಸುಮ್ನೆ ದಾಟಿ ಹೋಗುವಂತಿಲ್ಲ. ಮನೆಯಲ್ಲಿ ಮಗುವಿಗೆ ಪಾಲಿದೆಯೇ? ಅಜ್ಜ ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ಒಂದು ಭಾಗವನ್ನು ದಾನಪತ್ರ ಮಾಡಿರಬಹುದು. ಹಿಂದೂ ಕುಟುಂಬದಲ್ಲಿ ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಂತ ಗಳಿಕೆಯ ಮನೆಯಲ್ಲಿ ಹೆಂಡತಿ, ತಾಯಿ, ಮಕ್ಕಳು ಎಲ್ಲರಿಗೂ ಪಾಲು ಬರುತ್ತದೆ. ಹೀಗೆ 18 ತುಂಬದ ಮಗುವಿನ ಹೆಸರಿಗೆ ಬಂದ ಪಾಲನ್ನು ಹೆತ್ತವರು ತಾವೇ ಮಾರುವಂತಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಮೊದಲು ನ್ಯಾಯಾಲಯದ ಅನುಮತಿ ಬೇಕು. ಇಲ್ಲದಿದ್ದರೆ ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ಪ್ರಶ್ನಿಸಬಹುದು. ಕೊಳ್ಳುವವರ ವಕೀಲರು ಇದನ್ನು ಹುಡುಕಿಯೇ ಹುಡುಕುತ್ತಾರೆ. ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅಲ್ಲಿ ಅಕ್ಕತಂಗಿಯರ ಹಕ್ಕೂ ಬರುವುದರಿಂದ ವಕೀಲರಿಗೆ ವಂಶವೃಕ್ಷ ತೋರಿಸಿಯೇ ಮುಂದೆ ಹೋಗಿ.

3. ಸೋರಿಕೆ ಮೊದಲು, ಬಣ್ಣ ಆಮೇಲೆ

ಬೆಂಗಳೂರಿನಲ್ಲಿ ಮನೆ ನೋಡಲು ಬಂದವರು ಬಹುತೇಕ ಮೊದಲು ಕೇಳುವುದೇ ನೀರು. ಕಾವೇರಿ ನೀರು ಬರುತ್ತಾ, ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ? ಸಂಪು ಮತ್ತು ಮೇಲಿನ ಟ್ಯಾಂಕ್ ತೊಳೆಸಿ. ಬಾತ್‌ರೂಮಿನ ಹಿಂಬದಿ ಗೋಡೆ ತೇವ ಹಿಡಿದಿದ್ದರೆ ಕಾರಣ ಹುಡುಕಿ ಸರಿ ಮಾಡಿಸಿ. ಕಲೆಯ ಮೇಲೆ ಸುಮ್ಮನೆ ಬಣ್ಣ ಬಳಿದರೆ ಮುಂದಿನ ಮಳೆಗೆ ಗುಟ್ಟು ಬಯಲಾಗುತ್ತದೆ. ಕೊಳ್ಳುವವರಿಗೂ ಅದು ಗೊತ್ತಿರುತ್ತದೆ, ಹೊಸ ಬಣ್ಣದ ಒಂದೇ ಒಂದು ತೇಪೆ ಕಂಡರೆ ಅನುಮಾನ ಜಾಸ್ತಿ.

ಕ್ರೇಯಾನ್ ಗೀಚಿದ ಗೋಡೆಗೆ ನೇರವಾಗಿ ಬಣ್ಣ ಹೊಡೆಯಬಾರದು, ಮೇಣದ ಮೇಲೆ ಅದು ಕೂರುವುದಿಲ್ಲ. ಒದ್ದೆ ಬಟ್ಟೆಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಬಾಲ್‌ಪೆನ್ ಗೀಟು ಇನ್ನೂ ಹಟಮಾರಿ, ಅದಕ್ಕೂ ಪ್ರೈಮರ್ ಬೇಕು.

ಇಲ್ಲೊಂದು ಎಚ್ಚರಿಕೆ. ಮನೆ ಬಳಕೆಯ ಬಣ್ಣದಲ್ಲಿ ಸೀಸಕ್ಕೆ ಕಡ್ಡಾಯ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದೆ ಕಿಟಕಿ, ಗ್ರಿಲ್, ಬಾಗಿಲಿಗೆ ಹೊಡೆದ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ಉಜ್ಜು ಕಾಗದದಿಂದ ಒಣಗಿದ್ದಂತೆಯೇ ತಿಕ್ಕಿದರೆ ಅದರ ಧೂಳು ನೆಲದಲ್ಲಿ ಕೂರುತ್ತದೆ. ಅಂಬೆಗಾಲಿಡುವ ಕೂಸು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ನೀರು ಹಾಕಿ ಉಜ್ಜಲು ಪೇಂಟರ್‌ಗೆ ಹೇಳಿ. ಮಕ್ಕಳನ್ನು ಅಷ್ಟು ದಿನ ಅಜ್ಜಿ ಮನೆಗೆ ಕಳಿಸಿ. ಅವರು ಮರಳುವ ಮೊದಲು ನೆಲವನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ.

4. ಮಕ್ಕಳಿಗೆ ನೀವೇ ಹೇಳಿ

ಬ್ರೋಕರ್ ಬಾಯಿಂದ ಗೊತ್ತಾಗುವ ಮುಂಚೆ ನೀವೇ ಹೇಳುವುದು ಒಳ್ಳೆಯದು. ಆಟದ ಸಾಮಾನಿನಲ್ಲಿ ಏನನ್ನು ಕೊಂಡೊಯ್ಯಬೇಕೆಂದು ಅವರನ್ನೇ ಕೇಳಿ. ಒಂದು ಡಬ್ಬಿ ಪೂರ್ತಿ ಅವರದ್ದೇ ಇರಲಿ, ಅದನ್ನು ಕೊನೆಯ ದಿನದವರೆಗೂ ಕಟ್ಟಬೇಡಿ. ಹಳೆ ಪಠ್ಯಪುಸ್ತಕ, ಚಿಕ್ಕದಾದ ಯೂನಿಫಾರ್ಮ್, ಮುರಿದ ಸೈಕಲ್ ಮಾತ್ರ ಈಗಲೇ ಅಟ್ಟದಿಂದ ಇಳಿಯಲಿ.

5. ನೋಡಲು ಬರುವವರಿಗೆ ಹೊತ್ತು ಗೊತ್ತುಮಾಡಿ

'ಯಾವಾಗ ಬೇಕಾದರೂ ಬನ್ನಿ' ಎನ್ನಬೇಡಿ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ, ಅಷ್ಟು ಸಾಕು. ರಾಹುಕಾಲ ಬಿಟ್ಟು ಬರುತ್ತೇವೆ ಎನ್ನುವವರೂ ಇರುತ್ತಾರೆ, ಭಾನುವಾರ ಅದು ಸಂಜೆ ಬರುವುದರಿಂದ ತೊಂದರೆಯಿಲ್ಲ. ಮಕ್ಕಳು ಅಷ್ಟು ಹೊತ್ತು ಪಾರ್ಕಿನಲ್ಲಿರಲಿ. ಆಗ ನೆಲ, ಅಡುಗೆಮನೆ ಕಟ್ಟೆ, ಬಾತ್‌ರೂಮು ಇವು ಮೂರು ಶುಚಿಯಾಗಿದ್ದರೆ ಆಯಿತು. ಮಕ್ಕಳ ಕೋಣೆ ಮಕ್ಕಳ ಕೋಣೆಯಂತೆಯೇ ಇರಲಿ ಬಿಡಿ. ಬರುವವರಲ್ಲೂ ಮಕ್ಕಳಿರುವವರೇ ಜಾಸ್ತಿ ಅಲ್ವಾ?

ಬಂದವರು ಸಂಪಿನ ಮುಚ್ಚಳ ತೆಗೆಸಿ ನೋಡುತ್ತಾರೆ, ತಾರಸಿ ಬಾಗಿಲು ತೆಗೆಸುತ್ತಾರೆ. ಅವರು ಹೋದ ತಕ್ಷಣ, ಮಕ್ಕಳು ಮನೆಗೆ ಬರುವ ಮೊದಲು, ಎರಡನ್ನೂ ನೀವೇ ಕೈಯಾರೆ ಮುಚ್ಚಿ. ಜಾಹೀರಾತಿಗೆ ತೆಗೆದ ಫೋಟೊಗಳಲ್ಲಿ ಮಕ್ಕಳ ಮುಖ, ಶಾಲೆಯ ಬ್ಯಾಗು, ಗೋಡೆಯ ಟೈಂಟೇಬಲ್ ಕಾಣಬಾರದು.

6. ಅಗ್ರಿಮೆಂಟ್‌ನಲ್ಲಿ ತಾರೀಖು ಬರೆಸಿ

ಬೆಲೆ ಕುದುರಿದ ಖುಷಿಯಲ್ಲಿ ಮನೆ ಬಿಡುವ ದಿನವನ್ನು ಬಾಯಿಮಾತಿಗೆ ಬಿಡುವವರು ಬಹಳ. ಪರೀಕ್ಷೆಯ ನಂತರದ ಒಂದು ತಾರೀಖನ್ನು ಅಗ್ರಿಮೆಂಟ್‌ನಲ್ಲೇ ಬರೆಸಿ. ನೋಂದಣಿ ಮೊದಲೇ ಆದರೆ ಅಲ್ಲಿಯವರೆಗೆ ಬಾಡಿಗೆ ಕೊಡಬೇಕೋ ಬೇಡವೋ ಅನ್ನುವುದೂ ಅದರಲ್ಲಿರಲಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಬರಲಿ, ಮನೆ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1ರಷ್ಟು ಟಿಡಿಎಸ್ (ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಮೊದಲೇ ಕಟ್ಟುವ ತೆರಿಗೆ) ಹಿಡಿಯುತ್ತಾರೆ, ಗಾಬರಿ ಬೇಡ. ಲಾಭದ ಮೇಲಿನ ತೆರಿಗೆ ಉಳಿಸಬೇಕೆಂದರೆ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಒಂದು ಶಾಲಾ ವರ್ಷ ಬಾಡಿಗೆ ಮನೆಯಲ್ಲಿದ್ದು ನಿಧಾನವಾಗಿ ಹುಡುಕಲು ಇಷ್ಟು ಕಾಲ ಸಾಕು.

ಹೊಸ ವಿಳಾಸಕ್ಕೆ ಹೋದ ಮೇಲೆ ಗ್ಯಾಸ್ ಸಂಪರ್ಕದ ಜತೆ ಮಕ್ಕಳ ಆಧಾರ್ ವಿಳಾಸವನ್ನೂ ಬದಲಿಸಿ. ಮಗುವಿಗೆ 5 ಅಥವಾ 15 ವರ್ಷ ತುಂಬಿದ್ದರೆ ಬೆರಳಚ್ಚಿನ ಕಡ್ಡಾಯ ನವೀಕರಣವೂ ಅದೇ ಓಡಾಟದಲ್ಲಿ ಮುಗಿಯುತ್ತದೆ.