ಹಸಿರು ಕೋಟು, ಒಂದು ಶೀಟು, ನಾಲ್ಕು ಟೇಬಲ್ಲು

ನಮ್ಮದೊಂದು ಹವ್ಯಾಸಿ ನಾಟಕ ತಂಡ. ಕೋಟು, ಕಿರೀಟ, ಮರದ ಕತ್ತಿ, ಲಾಟೀನು, ಗಡ್ಡ ಮೀಸೆ ಎಲ್ಲ ಸೇರಿ ಸುಮಾರು 900 ಸಾಮಾನು ಪೆಟ್ಟಿಗೆಗಳಲ್ಲಿ ತುಂಬಿವೆ. ಬೇರೆ ತಂಡದವರೂ ಬಂದು ಎರವಲು ಒಯ್ಯುತ್ತಾರೆ. ಇದರ ಲೆಕ್ಕ ಇಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾರಣ ಒಂದೇ, ನನಗೆ ಕಂಪ್ಯೂಟರ್ ಗೊತ್ತು ಅಂತ. ಆ ಲೆಕ್ಕವನ್ನು ಸ್ಪ್ರೆಡ್‌ಶೀಟಿನಿಂದ ಗ್ರಿಸ್ಟ್ ಎಂಬ ತಂತ್ರಾಂಶಕ್ಕೆ ಸಾಗಿಸಿದ ಕಥೆ ಇದು.

ಎಲ್ಲರ ಹಾಗೆ ನಾನೂ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಸಾಮಾನಿನ ಹೆಸರು, ಕೋಡ್, ಪೆಟ್ಟಿಗೆ, ಕೊನೆಗೆ ‘ಈಗ ಯಾರ ಹತ್ತಿರ ಇದೆ’ ಅನ್ನುವ ಕಾಲಂ. ಕೊಟ್ಟಾಗ ಅಲ್ಲಿ ಹೆಸರು ಬರೆಯುವುದು, ವಾಪಸ್ ಬಂದಾಗ ಅಳಿಸುವುದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು.

ಮೊದಲು ಕೈಕೊಟ್ಟದ್ದು ಕೋಡ್. ಮೂರನೇ ರ‍್ಯಾಕಿನ ನಾಲ್ಕನೇ ಪೆಟ್ಟಿಗೆಗೆ ‘3-4’ ಎಂದು ಹೊಡೆದರೆ ಶೀಟು ಅದನ್ನು ತಾರೀಖು ಮಾಡಿಬಿಡುತ್ತಿತ್ತು. ಇದು ನನ್ನೊಬ್ಬನ ಗೋಳಲ್ಲ. ‘ಮಾರ್ಚ್1’, ‘ಸೆಪ್ಟ್1’ ಎಂಬ ಜೀನ್‌ಗಳ ಹೆಸರು ಎಕ್ಸೆಲ್‌ನಲ್ಲಿ ತಾರೀಖಾಗುತ್ತವೆ ಎಂದು, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಾಯಿಸಿತು. ಅದು 2020ರಲ್ಲಿ ಸುದ್ದಿಯಾಗಿತ್ತು. ವಿಜ್ಞಾನಿಗಳೇ ಸೋತರಲ್ಲ ಎಂದು ನಾನೂ ಕೋಡ್ ಬದಲಾಯಿಸಿ ಸುಮ್ಮನಾದೆ.

ಆದರೆ ಒಂದು ದಿನ ಯಾರೋ ಒಬ್ಬರು ಹೆಸರಿನ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಮಾಡಿದರು, ಅಂದರೆ ಅಕ್ಷರ ಕ್ರಮದಲ್ಲಿ ಜೋಡಿಸಿದರು. ಉಳಿದ ಕಾಲಂಗಳು ಇದ್ದಲ್ಲೇ ಇದ್ದವು. ರಾಜನ ಕಿರೀಟ ಗಡ್ಡದ ಪೆಟ್ಟಿಗೆಗೆ ಹೋಯಿತು, ಲಾಟೀನು ಇನ್ಯಾರದೋ ಹೆಸರಿಗೆ ಬಿತ್ತು. ಅದರ ಮೇಲೆ ಇನ್ನೂ ಮೂವರು ತಿದ್ದಿದ ಮೇಲೆಯೇ ನನ್ನ ಕಣ್ಣಿಗೆ ಬಿದ್ದದ್ದು. ಫೈಲು ಮೇಲ್‌ನಲ್ಲಿ ಓಡಾಡುತ್ತಿತ್ತು. ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’. ಯಾವುದನ್ನು ನಂಬುವುದು? ಅದೇ ವಾರ ಹಸಿರು ಕೋಟು ಯಾರ ಹತ್ತಿರ ಇದೆ ಎಂಬ ಜಗಳವೂ ಶುರುವಾಯಿತು.

ಆ ರಾತ್ರಿ ಕೂತು ಯೋಚಿಸಿದಾಗ ಒಂದು ವಿಷಯ ತಲೆಗೆ ಹೊಳೆಯಿತು. ಶೀಟಿನಲ್ಲಿ ಒಂದು ಸೆಲ್‌ಗೆ ಪಕ್ಕದ ಸೆಲ್ ಯಾರೆಂದೇ ಗೊತ್ತಿಲ್ಲ. ಸಾಲು ಅನ್ನುವುದು ನಮ್ಮ ಕಣ್ಣಿಗೆ ಮಾತ್ರ. ಡೇಟಾಬೇಸ್‌ನಲ್ಲಿ, ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿ ಕಟ್ಟಿಡುವ ವ್ಯವಸ್ಥೆಯಲ್ಲಿ, ಸಾಲು ಒಂದು ಗಂಟು. ಸಾರ್ಟ್ ಮಾಡಿದರೆ ಗಂಟುಗಳು ಜಾಗ ಬದಲಿಸುತ್ತವೆ, ಗಂಟು ಬಿಚ್ಚುವುದಿಲ್ಲ. ನನಗೆ ಬೇಕಾಗಿದ್ದದ್ದು ಇದು. ಆದರೆ ಡೇಟಾಬೇಸ್‌ನ ಭಾಷೆ ಎಸ್‌ಕ್ಯೂಎಲ್ ಕಲಿಯಿರಿ ಎಂದು ನಟನಟಿಯರಿಗೆ ಹೇಳುವ ಹಾಗಿಲ್ಲ, ಅಲ್ವಾ? ನೋಡಲು ಶೀಟಿನ ಹಾಗೇ ಇರಬೇಕು, ಒಳಗೆ ಡೇಟಾಬೇಸ್ ಇರಬೇಕು, ನಾಲ್ಕು ಜನ ಒಟ್ಟಿಗೆ ತಿದ್ದುವಂತಿರಬೇಕು.

ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ಮೂರು ತಂತ್ರಾಂಶಗಳನ್ನು ಹಾಕಿ ನೋಡಿದೆ. ನೊಕೊಡಿಬಿ ನಿಮ್ಮಲ್ಲಿ ಈಗಾಗಲೇ ಇರುವ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೇಲೆ ಕೂತು ಅದನ್ನು ಶೀಟಿನ ಹಾಗೆ ತೋರಿಸುತ್ತದೆ. ಹಳೆಯ ಡೇಟಾಬೇಸ್ ಇದ್ದವರಿಗೆ ಅದೇ ಸರಿ. ಬೇಸ್‌ರೋ ಕೂಡ ಪೋಸ್ಟ್‌ಗ್ರೆಸ್ ಮೇಲೆಯೇ ನಿಂತಿದೆ, ಮೂವರಲ್ಲಿ ನೋಡಲು ಅಚ್ಚುಕಟ್ಟು. ಸಾಲುಗಳು ಲಕ್ಷಗಟ್ಟಲೆ ಇದ್ದಿದ್ದರೆ ನಾನು ಅದನ್ನೇ ಹಿಡಿಯುತ್ತಿದ್ದೆ. ಕೊನೆಗೆ ನಿಂತದ್ದು ಗ್ರಿಸ್ಟ್ ಮೇಲೆ. ಅದರಲ್ಲಿ ಒಂದು ಡಾಕ್ಯುಮೆಂಟ್ ಅಂದರೆ ಒಂದು ಎಸ್‌ಕ್ಯೂಲೈಟ್ ಫೈಲು, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ, ಅಷ್ಟೇ. ನಾಳೆ ಗ್ರಿಸ್ಟ್ ಮುಚ್ಚಿಹೋದರೂ ಆ ಫೈಲನ್ನು ಎಸ್‌ಕ್ಯೂಲೈಟ್ ಓದುವ ಯಾವ ತಂತ್ರಾಂಶದಲ್ಲೂ ತೆರೆಯಬಹುದು. ‘ಅಂತಿಮ 2’ ಕಂಡು ಸುಟ್ಟುಕೊಂಡವನಿಗೆ ಇದು ಸಣ್ಣ ಸಮಾಧಾನವಲ್ಲ.

ತಂತ್ರಾಂಶವನ್ನು ಕಂಟೇನರ್ ಎಂಬ ಡಬ್ಬಿಯೊಳಗೆ ಓಡಿಸುವ ಡಾಕರ್‌ನಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟೆ, ಗ್ರಿಸ್ಟ್ 8484 ಪೋರ್ಟಿನಲ್ಲಿ ಎದ್ದು ನಿಂತಿತು. ಖುಷಿಯಲ್ಲಿ ಒಂದು ಸಂಜೆ ಪೂರ್ತಿ ಟೇಬಲ್ ಕಟ್ಟಿದೆ. ಮರುದಿನ ಕಂಟೇನರ್ ಅಳಿಸಿ ಹೊಸ ಆವೃತ್ತಿ ಹಾಕಿದೆ. ಎಲ್ಲ ಮಾಯ! ಡೇಟಾ ಕೂರುವ ‘ಪರ್ಸಿಸ್ಟ್’ ಫೋಲ್ಡರನ್ನು ನನ್ನ ಡಿಸ್ಕಿಗೆ ಜೋಡಿಸುವುದನ್ನೇ ಮರೆತಿದ್ದೆ. ತಪ್ಪು ನನ್ನದೇ. ಇನ್ನೊಂದು ವಿಷಯ, ಇದರ ಸೂತ್ರಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿವೆ. ಅಂದರೆ ಡಾಕ್ಯುಮೆಂಟಿನೊಳಗೆ ಪ್ರೋಗ್ರಾಂ ಓಡುತ್ತದೆ. ಗುರುತಿಲ್ಲದವರ ಫೈಲು ತೆರೆಯುವ ಮುಂಚೆ ಜಿವೈಸರ್ ಎಂಬ ಬೇಲಿಯನ್ನು ಸೆಟ್ಟಿಂಗ್‌ನಲ್ಲಿ ಹಾಕಿಕೊಳ್ಳಿ. ಲಾಗಿನ್ ಮಾತ್ರ ನಿಜವಾದ ತಲೆನೋವು. ಬೇಸ್‌ರೋದಲ್ಲಿ ಮೇಲ್, ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಇಲ್ಲಿ ನಾನು ಹೊರಗಿನ ಲಾಗಿನ್ ಸೇವೆಯೊಂದನ್ನು ಜೋಡಿಸಬೇಕಾಯಿತು. ಅದಕ್ಕೆ ಒಂದು ಭಾನುವಾರ ಬಲಿ.

ಹಳೆಯ ಶೀಟನ್ನು ಸಿಎಸ್‌ವಿ, ಅಂದರೆ ಬರೀ ಪಠ್ಯದ ಫೈಲು, ಮಾಡಿ ಒಳಗೆ ಎಳೆದುಕೊಂಡೆ. ಈಗ ನಿಜವಾದ ಕೆಲಸ. ಒಂದು ಶೀಟನ್ನು ನಾಲ್ಕು ಟೇಬಲ್ ಮಾಡಿದೆ: ಸಾಮಾನು, ಪೆಟ್ಟಿಗೆ, ಜನ, ಎರವಲು. ‘ಈಗ ಯಾರ ಹತ್ತಿರ ಇದೆ’ ಕಾಲಂನ್ನು ಕಿತ್ತು ಹಾಕಿದೆ. ಅದರ ಬದಲು ಎರವಲು ಟೇಬಲ್‌ನಲ್ಲಿ ಪ್ರತಿ ಸಲ ಕೊಟ್ಟಾಗ ಒಂದು ಹೊಸ ಸಾಲು. ಯಾವ ಸಾಮಾನು, ಯಾರು, ಕೊಟ್ಟ ದಿನ, ಮರಳಿದ ದಿನ. ಅಳಿಸುವ ಮಾತೇ ಇಲ್ಲ. ಮರಳಿದ ದಿನ ಖಾಲಿ ಇದ್ದರೆ ಸಾಮಾನು ಹೊರಗಿದೆ ಅಂತ ಅರ್ಥ. ಸಾಮಾನಿನ ಟೇಬಲ್‌ನಲ್ಲಿ ಒಂದು ಸೂತ್ರ ಬರೆದೆ: ಎರವಲು ಟೇಬಲ್‌ನಲ್ಲಿ ಈ ಸಾಮಾನಿನದೇ ಆದ, ಮರಳಿದ ದಿನ ಖಾಲಿ ಇರುವ ಸಾಲನ್ನು ಹುಡುಕಿ ಆ ವ್ಯಕ್ತಿಯ ಹೆಸರು ತೋರಿಸು. ಲುಕಪ್‌ರೆಕಾರ್ಡ್ಸ್ ಎಂಬ ಒಂದೇ ಫಂಕ್ಷನ್ ಸಾಕಾಯಿತು. ಸೂತ್ರವನ್ನು ಒಮ್ಮೆ ಬರೆದರೆ ಇಡೀ ಕಾಲಂಗೆ ಅನ್ವಯ. ಕೆಳಗೆ ಎಳೆಯುವ ಕೆಲಸ ಇಲ್ಲ, ನಡುವೆ ಒಂದು ಸೆಲ್‌ನಲ್ಲಿ ಯಾರೋ ಸೂತ್ರ ಅಳಿಸಿ ಸಂಖ್ಯೆ ಹೊಡೆಯುವ ಭಯವೂ ಇಲ್ಲ.

ಅತಿ ಹೆಚ್ಚು ಮಜಾ ಕೊಟ್ಟದ್ದು ರೆಫರೆನ್ಸ್ ಕಾಲಂ, ಅಂದರೆ ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ. ಎರವಲು ಟೇಬಲ್‌ನಲ್ಲಿ ಹೆಸರುಗಳು ಮೊದಲು ಬರೀ ಪಠ್ಯವಾಗಿದ್ದವು. ಆ ಕಾಲಂನ ಬಗೆಯನ್ನು ‘ಜನ’ ಟೇಬಲ್‌ಗೆ ರೆಫರೆನ್ಸ್ ಎಂದು ಬದಲಿಸಿದೆ. ಹೊಂದಿದ ಹೆಸರೆಲ್ಲ ತಾನಾಗಿ ಜೋಡಣೆಯಾದವು. ಹೊಂದದವು ಬಣ್ಣ ಬದಲಿಸಿ ಎದ್ದು ಕಂಡವು. ಒಟ್ಟು 41. ಒಬ್ಬರದೇ ಹೆಸರು ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ‘ಅಣ್ಣ’ ಸೇರಿಸಿ. ಒಂದು ಕಡೆ ಸುಮ್ನೆ ‘ಅವರೇ’ ಎಂದು ಬರೆದಿತ್ತು. ಯಾರು ಬರೆದದ್ದು ಎಂದು ಕೇಳಿದರೆ ಎಲ್ಲರೂ ಮೇಲೆ ನೋಡಿದರು. ಅದೊಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಸರಿ ಮಾಡಿದೆ. ಈಗ ಒಬ್ಬರ ಫೋನ್ ನಂಬರ್ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಕಿವಿಮಾತು. ಕಾಲಂಗೆ ‘ಮರಳಿದ ದಿನ’ ಎಂದು ಹೆಸರಿಟ್ಟರೆ ಚೆನ್ನಾಗಿ ಕಾಣುತ್ತದೆ. ಆದರೆ ಸೂತ್ರದಲ್ಲಿ ಬಳಸುವ ಒಳಹೆಸರಿಗೆ ಇಂಗ್ಲಿಷ್ ಅಕ್ಷರವೇ ಬೇಕು. ಕನ್ನಡ ಕಂಡರೆ ಅದು ಎ, ಬಿ, ಸಿ ಎಂದು ತನಗೆ ತೋಚಿದ್ದು ಇಟ್ಟುಕೊಳ್ಳುತ್ತದೆ. ಒಂದು ತಿಂಗಳಾದ ಮೇಲೆ ಸೂತ್ರ ನೋಡಿದರೆ ‘ಸಿ’ ಅಂದರೆ ಯಾವುದು ಎಂದು ನನಗೇ ತಿಳಿಯಲಿಲ್ಲ. ಹಣೆಪಟ್ಟಿ ಮತ್ತು ಒಳಹೆಸರಿನ ನಂಟು ಬಿಡಿಸಿ, ಒಳಹೆಸರನ್ನು ಕೈಯಾರೆ ಇಡಬಹುದು. ಶುರುವಿನಲ್ಲೇ ಮಾಡಿ.

ಮುಜುಗರದ ಕಥೆಯೂ ಒಂದಿದೆ. ಫೋನ್ ನಂಬರ್ ಮೂವರಿಗೆ ಮಾತ್ರ ಕಾಣಬೇಕು ಎಂದು ಪುಟದಲ್ಲಿ ಆ ಕಾಲಂ ಮರೆಮಾಡಿದ್ದೆ. ಮರೆಮಾಡುವುದು ಅಂದರೆ ಪರದೆ, ಬೀಗವಲ್ಲ. ಗೊತ್ತಾದ ಮೇಲೆ, ಯಾರಿಗೆ ಏನು ಕಾಣಬೇಕೆಂದು ಹೇಳುವ ಆಕ್ಸೆಸ್ ರೂಲ್ಸ್‌ಗೆ ಹೋಗಿ ‘ಜನ’ ಟೇಬಲ್‌ನ ಆ ಕಾಲಂಗೆ ಬೀಗ ಹಾಕಿದೆ. ಎರಡು ವಾರ ಬಿಟ್ಟು ಒಬ್ಬ ಹುಡುಗಿ ಕೇಳಿದಳು, ‘ಇಲ್ಲಿ ಎಲ್ಲರ ನಂಬರ್ ಕಾಣ್ತಿದೆಯಲ್ಲ?’ ಎರವಲು ಟೇಬಲ್‌ನಲ್ಲಿ ಅನುಕೂಲಕ್ಕೆಂದು ನಂಬರ್ ಎಳೆದು ತೋರಿಸುವ ಸೂತ್ರವೊಂದನ್ನು ನಾನೇ ಇಟ್ಟಿದ್ದೆ. ಸೂತ್ರ ಓಡುವುದು ಸರ್ವರಿನಲ್ಲಿ, ಪೂರ್ತಿ ಡೇಟಾದ ಮೇಲೆ. ನೋಡುವವರು ಯಾರು ಎಂದು ಅದು ಕೇಳುವುದಿಲ್ಲ. ಬೀಗ ಹಾಕಿದ ಕೋಣೆಗೆ ನಾನೇ ಕಿಟಕಿ ಇಟ್ಟಂತಾಯಿತು. ಅವತ್ತಿನಿಂದ ಯಾವ ನಿಯಮ ಬರೆದರೂ ಬೇರೆಯವರ ಕಣ್ಣಲ್ಲಿ ನೋಡುವ ‘ವ್ಯೂ ಆಸ್’ ಒತ್ತಿ ಪ್ರತಿ ಪುಟ ತಿರುವಿ ನೋಡುತ್ತೇನೆ.

ಬ್ಯಾಕಪ್‌ಗೆ ದಿನಾ ರಾತ್ರಿ ಒಂದು ಸ್ಕ್ರಿಪ್ಟ್ ಎಪಿಐ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಬಾಗಿಲು) ಮೂಲಕ ಫೈಲನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತದೆ. ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ಫೈಲನ್ನು ನೇರವಾಗಿ ಕಾಪಿ ಹೊಡೆಯಬೇಡಿ, ನಡುವೆ ಯಾರಾದರೂ ಬರೆಯುತ್ತಿದ್ದರೆ ಕೆಟ್ಟ ಪ್ರತಿ ಸಿಗಬಹುದು. ಪೆಟ್ಟಿಗೆಗಳಿರುವ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಬರುವುದಿಲ್ಲ, ನೆಟ್ ಇಲ್ಲದೆ ಇದು ನಡೆಯುವುದೂ ಇಲ್ಲ. ಹಾಗಾಗಿ ಅಲ್ಲಿ ಈಗಲೂ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ಸಿಲ್.

ಈಗ ಯಾವ ಸಾಮಾನು ಆರಿಸಿದರೂ ಪಕ್ಕದಲ್ಲೇ ಅದು ಸುತ್ತಿ ಬಂದ ಮನೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಂದು ಲಾಟೀನು 14 ಸಲ ಹೊರಗೆ ಹೋಗಿ ಬಂದಿದೆ. ಹಸಿರು ಕೋಟಿನ ಪಟ್ಟಿಯಲ್ಲಿ ಮಾತ್ರ ಒಂದೇ ಸಾಲು. ಕೊಟ್ಟ ದಿನ ಗೊತ್ತಿಲ್ಲ, ಮರಳಿದ ದಿನ ಖಾಲಿ, ವ್ಯಕ್ತಿಯ ಜಾಗದಲ್ಲಿ ಬಣ್ಣ ಬದಲಿಸಿ ಕೂತಿರುವ ‘ಅವರೇ’.