ಹಾಪಾದಲ್ಲಿ ಗೆಂಡೆ ಮರಿ ಮಾಡಿಸುತ್ತಿದ್ದ ಬಗೆ

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ, ಅಲಿಕುಂಞಿ ಇವರು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಅದಕ್ಕೂ ಮುಂಚೆ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಗಳ ಮರಿಗೆ ನೆರೆ ಬಂದ ಹೊಳೆಯೇ ಗತಿ. ಬಲೆಗೆ ಬಿದ್ದದ್ದರಲ್ಲಿ ಬೇಡದ ಜಾತಿಯವೂ ಇರುತ್ತಿದ್ದವು. ಮರಿ ಮಾಡಿಸುವ ಸಿಮೆಂಟಿನ ದುಂಡು ತೊಟ್ಟಿ ಬರುವ ತನಕ ನಾವು ನಂಬಿದ್ದು ಹಾಪಾವನ್ನು, ಅಂದರೆ ಕೊಳದಲ್ಲಿ ಗೂಟಕ್ಕೆ ಕಟ್ಟಿದ ಬಟ್ಟೆಯ ಪೆಟ್ಟಿಗೆಯನ್ನು.

ಗ್ರಂಥಿಯನ್ನು ಬಲಿತ ಮೀನಿನ ತಲೆಯಿಂದ ತೆಗೆದು ಶುದ್ಧ ಆಲ್ಕೋಹಾಲಿಗೆ ಹಾಕಬೇಕು. 24 ಗಂಟೆಯ ಮೇಲೆ ಆಲ್ಕೋಹಾಲ್ ಬದಲಿಸಿ, ಕಂದು ಸೀಸೆಯಲ್ಲಿ ಬಿರಡೆ ಬಿಗಿಯಬೇಕು. ನೀರಿನ ಪಸೆ ಸೇರಿದರೆ ಗ್ರಂಥಿಯ ಶಕ್ತಿ ಹೋದಂತೆಯೇ.

ಸಂಜೆ ತಂಪಾದ ಮೇಲೆ ಹೆಣ್ಣಿಗೆ ಮೈತೂಕದ ಕಿಲೋಗೆ 2–3 ಮಿಲಿಗ್ರಾಂ ಗ್ರಂಥಿಯ ಸಾರ ಚುಚ್ಚಬೇಕು. ಆರು ಗಂಟೆ ಬಿಟ್ಟು 5–8 ಮಿಲಿಗ್ರಾಂ. ಆಗಲೇ ಗಂಡಿಗೂ 2–3, ಒಂದೇ ಸಲ. ಬಾಲದ ಬುಡದ ಮಾಂಸಕ್ಕೆ, ಪಕ್ಕದ ಗೆರೆಗಿಂತ ಮೇಲೆ, ಹುರುಪೆಯ ಸಂದಿಯಲ್ಲಿ ಸೂಜಿ ಓರೆಯಾಗಿ ಹೋಗಬೇಕು. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಹಾಪಾಕ್ಕೆ ಬಿಡಬೇಕು. ಗಂಡಿನ ಎದೆರೆಕ್ಕೆ ಒರಟು, ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ ಬರುತ್ತದೆ. ಎರಡನೇ ಚುಚ್ಚುಮದ್ದಾಗಿ ನಾಲ್ಕರಿಂದ ಆರು ಗಂಟೆಯೊಳಗೆ ಮೊಟ್ಟೆ ಸಿಗುತ್ತದೆ. ಮೋಡ ಮುಚ್ಚಿ ಜಿನುಗುವ ದಿನ, ನೀರು 27 ಡಿಗ್ರಿ ಸುಮಾರಿಗಿದ್ದರೆ ಬಹಳ ಒಳ್ಳೆಯದು.

ಮರಿ ಕಮ್ಮಿಯಾದರೆ ಎಲ್ಲರೂ ಗ್ರಂಥಿಯನ್ನು ಬೈಯುತ್ತಾರೆ. ನಾನು ಮೊದಲು ನೋಡುವುದು ಬಟ್ಟೆಯನ್ನು. ಮರಿ ಮಾಡಿಸುವ ಹಾಪಾ ಎರಡು ಪದರದ್ದು: ಹೊರಗೆ 2×1×1 ಮೀಟರಿನ ತೆಳು ಬಟ್ಟೆ, ಒಳಗೆ 1.75×0.75×0.5 ಮೀಟರಿನ ದುಂಡುಕಣ್ಣಿನ ಸೊಳ್ಳೆಪರದೆ. ಒಳಗೆ 75 ಸಾವಿರದಿಂದ ಒಂದು ಲಕ್ಷ ಮೊಟ್ಟೆ ಹರಡಬೇಕು. ಸುಮಾರು 14–18 ಗಂಟೆಯಲ್ಲಿ ಒಡೆದು, ಮರಿ ಪರದೆಯ ಕಣ್ಣಿನಿಂದ ಹೊರಹಾಪಾಕ್ಕೆ ಜಾರುತ್ತದೆ. ಸಿಪ್ಪೆ, ಕೆಟ್ಟ ಮೊಟ್ಟೆ ಒಳಗೇ ಉಳಿಯುತ್ತವೆ. ಮಳೆಗೆ ನೀರು ರಾಡಿಯಾದರೆ ಕೆಸರು ಬಟ್ಟೆಯ ಕಣ್ಣು ಮುಚ್ಚುತ್ತದೆ, ಒಳಗಿನ ನೀರು ನಿಂತುಹೋಗಿ ಆಮ್ಲಜನಕ ಇಳಿಯುತ್ತದೆ. ಹೊರಗಿನಿಂದ ಅಂಗೈಯಲ್ಲಿ ನೀರು ಚಿಮ್ಮಿಸಿ ಕೆಸರು ಬಿಡಿಸಬೇಕು, ತಿಕ್ಕಬಾರದು. ಸಬ್ಬಕ್ಕಿ ಪಾಯಸದ ಕಾಳಿನಂತೆ ತಿಳಿಯಾಗಿದ್ದರೆ ಮೊಟ್ಟೆ ಫಲಿತವಾಗಿದೆ. ಬೆಳ್ಳಗೆ ಮಬ್ಬಾದದ್ದು ಸತ್ತದ್ದು. ಏಡಿ ಕತ್ತರಿಸಿದ ಒಂದೇ ತೂತಿನಲ್ಲಿ ಇಡೀ ರಾತ್ರಿಯ ದುಡಿಮೆ ಕೊಳಕ್ಕೆ ಹೋಗುತ್ತದೆ, ಹಾಗಾಗಿ ಕಟ್ಟುವ ಮುಂಚೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ.

ಸಿಪ್ಪೆ ಕೊಳೆಯುವ ಮೊದಲೇ ಒಳಹಾಪಾ ಎತ್ತಿಬಿಡಿ. ಮೂರನೇ ದಿನ ಮರಿಯ ಹೊಟ್ಟೆಯಡಿಯ ಹಳದಿ ಭಂಡಾರದ ಚೀಲ ಕರಗಿದ ಮೇಲೆ ಅದನ್ನು ಮರಿ ಸಾಕುವ ನರ್ಸರಿ ಕೊಳಕ್ಕೆ ಬಿಡಬೇಕು. ಮರಿ ಬಿಡುವ 12ರಿಂದ 24 ಗಂಟೆ ಮುಂಚೆ, ಗಾಳಿಯಿಲ್ಲದ ಹೊತ್ತು ನೋಡಿ, ಹೆಕ್ಟೇರಿಗೆ 56 ಕಿಲೋ ಎಣ್ಣೆ, 18 ಕಿಲೋ ಸೋಪು ಕದಡಿ ನೀರಿನ ಮೇಲೆ ಎರಚುತ್ತಿದ್ದೆವು. ಉಸಿರಿಗೆ ಮೇಲೆ ಬರುವ ನೀರುಹುಳಗಳು ಆ ಪದರದಡಿ ಸಾಯುತ್ತವೆ. ಗಾಳಿ ಎದ್ದರೆ ಎಣ್ಣೆಯೆಲ್ಲ ಒಂದೇ ದಡಕ್ಕೆ ಸೇರಿ ಹುಳ ಬದುಕುತ್ತದೆ, ಮರಿ ಅದರ ಹೊಟ್ಟೆಗೆ.