ಹಳೆಯ ಮನೆಯ ವಯರುಗಳ ಬಣ್ಣ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ವಯರಿಂಗ್ ಕೆಲಸ ಮಾಡುವ ನನಗೆ ಒಂದೇ ಮನೆಯಲ್ಲಿ ಹಲವು ಕಾಲದ ವಯರುಗಳು ಸಿಗುತ್ತವೆ. ಅಜ್ಜನ ಕಾಲದ ಮರದ ಪಟ್ಟಿಯ ಮೇಲೆ ಓಡುವ ವಯರಿನಲ್ಲಿ ಕೆಂಪು ಯಾವುದು, ಕಪ್ಪು ಯಾವುದು ಎಂದು ಹೇಳಲಾಗದಷ್ಟು ಬಣ್ಣ ಮಾಸಿರುತ್ತದೆ. ಹಾಗಿರುವಲ್ಲಿ ತುದಿಯ ಒಂದಂಗುಲ ನೋಡುವುದಕ್ಕಿಂತ ಸ್ವಿಚ್ ಬೋರ್ಡಿನ ಒಳಗೆ, ಬೆಳಕು ಬೀಳದ ಭಾಗವನ್ನು ಒರಸಿ ನೋಡುವುದೇ ನನ್ನ ಮೊದಲ ಕೆಲಸ.

ನಮ್ಮಲ್ಲಿ ಕರೆಂಟು ತರುವ ಫೇಸ್‌ಗೆ ಕೆಂಪು, ಹಳದಿ, ನೀಲಿ, ಅದನ್ನು ಹಿಂತಿರುಗಿಸುವ ನ್ಯೂಟ್ರಲ್‌ಗೆ ಕಪ್ಪು, ನೆಲಕ್ಕೆ ಜೋಡಿಸುವ ಅರ್ತಿಂಗ್‌ಗೆ ಹಸಿರು ಅಥವಾ ಹಳದಿ ಗೆರೆಯ ಹಸಿರು ರೂಢಿ. ತೊಡಕು ನೀಲಿಯದು. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಕೇಬಲಿನಲ್ಲಿ, ಗಲ್ಫಿನಿಂದ ತಂದ ಉಪಕರಣಗಳಲ್ಲೂ, ಕಂದು ಫೇಸ್, ನೀಲಿ ನ್ಯೂಟ್ರಲ್. ಆದರೆ ಮೂರು ಫೇಸ್‌ಗಳ ಸಂಪರ್ಕವಿರುವ ಮನೆಯಲ್ಲಿ ಮೀಟರಿನಿಂದ ಬರುವ ನೀಲಿ ಜೀವಂತ ಫೇಸ್ ಆಗಿದ್ದು, ಅದರಲ್ಲಿ 230 ವೋಲ್ಟ್ ಇರುತ್ತದೆ. ಪ್ಲಗ್ ಜೋಡಿಸಿ ಕಲಿತವರು ಬೋರ್ಡಿಗೆ ಕೈಹಾಕುವಾಗ ಎಡವುವುದು ಇಲ್ಲಿಯೇ.

ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ವಯರಿನ ಬಣ್ಣವನ್ನೂ ನಾನು ನಂಬುವುದಿಲ್ಲ. ಉಳಿದ ತುಂಡು ಸಾಕೆಂದು ಕಪ್ಪನ್ನೇ ಎಳೆದಿರುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಅದು ಫೇಸ್ ಆಗುತ್ತದೆ. ಅಂತಹ ವಯರಿನ ಎರಡೂ ತುದಿಗೆ ಕೆಂಪು ಟೇಪು ಸುತ್ತಿಡುತ್ತೇನೆ.

ನೀರ್ಚಾಲಿನ ಒಂದು ಮನೆಯಲ್ಲಿ ಹೊಸದಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಹಾಕಿದ ಮೇಲೆ ಫ್ರಿಜ್ ಚಾಲೂ ಮಾಡಿದಾಗಲೆಲ್ಲ ಅದು ಬೀಳುತ್ತಿತ್ತು. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದರೆ ಫ್ರಿಜ್ ಸರಿಯಾಗಿ ಓಡುವುದಿಲ್ಲವೆಂದು ಮನೆಯವರು ಮೊದಲೇ ಹೇಳಿದ್ದರು. ಸಾಕೆಟ್ ಬಿಚ್ಚಿದರೆ ಕೆಂಪು ಒಂದು, ಕಪ್ಪು ಎರಡು. ಕೆಂಪಿನಿಂದ ಎರಡು ಕಪ್ಪಿಗೂ ಮಲ್ಟಿಮೀಟರ್ ಸುಮಾರು 230 ವೋಲ್ಟನ್ನೇ ತೋರಿಸಿತು. ನ್ಯೂಟ್ರಲ್ ಮತ್ತು ಅರ್ತ್ ಅದಲು ಬದಲಾದುದು ಈ ಅಳತೆಯಿಂದ ತಿಳಿಯುವುದಿಲ್ಲ, ಟೆಸ್ಟರ್ ದೀಪದಿಂದಲೂ ತಿಳಿಯುವುದಿಲ್ಲ. ಆದ್ದರಿಂದ ಪ್ಲಗ್‌ಗಳನ್ನೆಲ್ಲ ಕಿತ್ತು, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಸ್ವಿಚ್ ಆರಿಸಿ, ಕರೆಂಟಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, ಅರ್ತ್ ವಯರುಗಳೆಲ್ಲ ಸೇರುವ ಅರ್ತ್ ಬಾರಿನಿಂದ ಉದ್ದನೆಯ ತಂತಿ ತಂದು, ಜೋಡಣೆಯಿದ್ದರೆ ಸದ್ದು ಮಾಡುವ ಮೀಟರಿನ ಬಜರನ್ನು ಆ ತಂತಿಗೂ ಒಂದೊಂದೇ ಕಪ್ಪಿಗೂ ಹಿಡಿದೆ. ಸದ್ದು ಬಂದದ್ದು ನ್ಯೂಟ್ರಲ್ ಪಿನ್ನಿನ ಕಪ್ಪಿನಿಂದ! ಅಂದರೆ ಫ್ರಿಜ್ಜಿನ ಕರೆಂಟು ಮಣ್ಣಿನ ಮೂಲಕ ಹಿಂತಿರುಗುತ್ತಿತ್ತು (ನೆಲ ಒಣಗಿದಾಗ ಫ್ರಿಜ್ ಸರಿಯಾಗಿ ಓಡದ್ದು ಇದರಿಂದಲೇ), ಅದರ ಲೋಹದ ಮೈ ನ್ಯೂಟ್ರಲ್‌ಗೆ ಅಂಟಿಕೊಂಡಿತ್ತು. ಮೇಲೆಲ್ಲಾದರೂ ನ್ಯೂಟ್ರಲ್ ಕಡಿದಿದ್ದರೆ ಆ ಮೈ ಮುಟ್ಟಿದವರ ಗತಿ ಹೇಳುವಂತಿಲ್ಲ. ಎರಡನ್ನೂ ಅದಲು ಬದಲು ಮಾಡಿ, ಅರ್ತ್ ಆದ ಕಪ್ಪಿಗೆ ಹಸಿರು ತೋಳು (ಸ್ಲೀವ್) ತೊಡಿಸಿದ ಮೇಲೆ ಆರ್‌ಸಿಸಿಬಿ ಬೀಳುವುದು ನಿಂತಿತು.